ಮಕ್ಕಳೊಂದಿಗೆ ಹ್ಯಾರಿ ಪಾಟರ್ ಸ್ಟುಡಿಯೊಗೆ ಹೋಗುವವರಿಗೆ

ಹ್ಯಾರಿ ಪಾಟರ್ ಚಿತ್ರಗಳು ತಯಾರಾದ, ಲಂಡನ್ ಸಮೀಪದ ಲೀವ್ಸ್‌ಡೆನ್ ಸ್ಟುಡಿಯೊ 2012ರಿಂದ ಸಾರ್ವಜನಿಕರಿಗೆ ತೆರೆದಿದೆ. ಬಾಗಿಲಲ್ಲಿ ಟಿಕೆಟ್ ಮಾರುವುದಿಲ್ಲವಾದ್ದರಿಂದ, ಅದರಲ್ಲೂ ಶಾಲೆಗಳ ರಜೆಯಲ್ಲಿ ಹೋಗುವುದಾದರೆ, ಬಹಳ ಮೊದಲೇ ಕಾಯ್ದಿರಿಸಬೇಕು. ಉಚಿತ ಪ್ರವೇಶವಿರುವ ಪುಟ್ಟ ಮಕ್ಕಳಿಗೂ ಟಿಕೆಟ್ ಬೇಕು. ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ರೈಲಿನಲ್ಲಿ ವ್ಯಾಟ್‌ಫರ್ಡ್ ಜಂಕ್ಷನ್ ತಲುಪಿದರೆ ಅಲ್ಲಿಂದ ಸ್ಟುಡಿಯೊದ ಬಸ್ಸಿದೆ. ಒಳಗೆ ಮೂರೂವರೆ ಗಂಟೆಯಾದರೂ ಹಿಡಿಯುತ್ತದೆ. ಮಕ್ಕಳಿಗೆಂದೇ ಇರುವ ಪಾಸ್‌ಪೋರ್ಟ್ ಪುಸ್ತಿಕೆಯನ್ನು ಆರಂಭದಲ್ಲೇ ಕೇಳಿ ಪಡೆಯಿರಿ. ಅಲ್ಲಲ್ಲಿ ಅದಕ್ಕೆ ಮುದ್ರೆ ಒತ್ತುವ ಉತ್ಸಾಹದಲ್ಲಿ ಅವರಿಗೆ ನಡಿಗೆಯ ದಣಿವು ಕಾಣುವುದಿಲ್ಲ. ಚಿತ್ರಗಳಲ್ಲಿ ಬರುವ ನಿಷೇಧಿತ ಕಾಡಿನ ಸೆಟ್ಟಿನ ಕತ್ತಲಲ್ಲಿ, ಮಂಜಿನ ನಡುವೆ ದೈತ್ಯ ಜೇಡ ಎದುರಾಗುವುದರಿಂದ, ಪುಕ್ಕಲು ಮಕ್ಕಳಿದ್ದರೆ (ದೊಡ್ಡವರಿದ್ದರೂ ಸರಿಯೇ) ಬೇರೆ ದಾರಿಯನ್ನು ಸಿಬ್ಬಂದಿಯಲ್ಲಿ ವಿಚಾರಿಸಿ. ಮಂತ್ರದಂಡಗಳ ಅಂಗಡಿಯಲ್ಲಿ ಎಷ್ಟು ಖರ್ಚು ಮಾಡಬಹುದೆಂಬುದನ್ನು ಮನೆಯಲ್ಲೇ ಮಕ್ಕಳೊಂದಿಗೆ ಮಾತಾಡಿಕೊಂಡು ಹೊರಡಿ.