ಆಫ್ರಿಕಾ ಚರಿತ್ರೆಯ ಆಕರಗ್ರಂಥವನ್ನು ಬಳಸುವ ಬಗೆ

ಆಫ್ರಿಕಾದ ಚರಿತ್ರೆಯನ್ನು ಅರಿಯಬಯಸುವವರು, 1964ರಲ್ಲಿ ಯುನೆಸ್ಕೊ ಕೈಗೆತ್ತಿಕೊಂಡ ‘ಜನರಲ್ ಹಿಸ್ಟರಿ ಆಫ್ ಆಫ್ರಿಕಾ’ದ ಮೊದಲ ಎಂಟು ಸಂಪುಟಗಳನ್ನು ಒಂದೇ ಸಮನೆ ಓದಲು ಹೊರಡದೆ, ತಮಗೆ ಬೇಕಾದ ಕಾಲಘಟ್ಟದ ಸಂಪುಟವನ್ನು ಆರಿಸಿಕೊಳ್ಳಬೇಕು. ಪಶ್ಚಿಮ ಆಫ್ರಿಕಾದ ಮಾಲಿ ಸಾಮ್ರಾಜ್ಯಕ್ಕೆ, 12ರಿಂದ 16ನೆಯ ಶತಮಾನದವರೆಗಿನ ನಾಲ್ಕನೆಯ ಸಂಪುಟ. ಪದಸೂಚಿಯಲ್ಲಿ ಹುಡುಕುವಾಗ, ಅರಬ್ಬಿ ಮತ್ತು ಫ್ರೆಂಚ್ ಮೂಲಕ ಬಂದ ಹೆಸರುಗಳ ಕಾಗುಣಿತವು ಗ್ರಂಥದಿಂದ ಗ್ರಂಥಕ್ಕೆ ಬದಲಾಗುತ್ತದೆಂಬುದನ್ನು ನೆನಪಿಡಬೇಕು. ಮಾಲಿಯ ಹಳೆಯ ಪಟ್ಟಣವಾದ ಟಿಂಬಕ್ಟು ಒಂದಕ್ಕೇ ಹಲವು ರೂಪಗಳಿವೆ.

ಬುರ್ಕಿನಾ ಫಾಸೊದ ಇತಿಹಾಸಕಾರ ಜೋಸೆಫ್ ಕಿ-ಜೆರ್ಬೊ ಸಂಪಾದಿಸಿದ ಮೊದಲ ಸಂಪುಟವನ್ನಂತೂ ಬಿಡಬಾರದು. ಬರಹವಿಲ್ಲದೆಡೆ ಬಾಯಿಂದ ಬಾಯಿಗೆ ಬಂದ ಪರಂಪರೆಯನ್ನು ಚರಿತ್ರೆಯ ಆಕರವಾಗಿ ಹೇಗೆ ಪರೀಕ್ಷಿಸಬೇಕೆಂಬ ಚರ್ಚೆ ಅಲ್ಲಿದೆ (ಮಲೆ ಮಹದೇಶ್ವರ ಕಾವ್ಯವನ್ನು ಕೇಳಿ ಬೆಳೆದವರಿಗೆ ಇದು ಹೊಸತೆನಿಸದು). ಈ ಸಂಪುಟಗಳು 1981ರಿಂದ 1990ರ ದಶಕದವರೆಗೆ ಪ್ರಕಟವಾದುದರಿಂದ, ಪುರಾತತ್ತ್ವದ ಕಾಲನಿರ್ಣಯಗಳನ್ನು ಮಾತ್ರ ಈಚಿನ ಗ್ರಂಥಗಳೊಡನೆ ಹೋಲಿಸಿಯೇ ಸ್ವೀಕರಿಸಬೇಕು.