ಜಿಪ್ಸಮ್ ಬೋರ್ಡಿನ ಹೊಸ ಗೋಡೆಗೆ ನಾನೇ ಬಣ್ಣ ಬಳಿದ ಅನುಭವ

ಮನೆಯ ದೊಡ್ಡ ಕೋಣೆಯನ್ನು ಎರಡು ಮಾಡಲು ನಡುವೆ ಜಿಪ್ಸಮ್ ಬೋರ್ಡಿನ (ಎರಡೂ ಮೈಗೆ ದಪ್ಪ ಕಾಗದ ಹೊದಿಸಿದ ಜಿಪ್ಸಮ್ ಹಲಗೆ) ಗೋಡೆ ಹಾಕಿಸಿದೆವು. ಬೋರ್ಡು ಕೂರಿಸಿ, ಸಂದುಗಳಿಗೆ ಟೇಪ್ ಅಂಟಿಸಿ, ಅದರ ಮೇಲೂ ಸ್ಕ್ರೂ ತಲೆಗಳ ಮೇಲೂ ಜಾಯಿಂಟ್ ಕಾಂಪೌಂಡ್ (ಸಂದು ಮುಚ್ಚುವ ಪುಟ್ಟಿಯಂಥ ಬಿಳಿ ಲೇಪ) ಎಳೆದು ಕೆಲಸದವರು ಹೋದ ಮೇಲೆ, ಬಣ್ಣದ ಕೆಲಸವನ್ನು ನಾನೇ ವಹಿಸಿಕೊಂಡೆ. ಗೋಡೆಯ ಒಂದು ಮುಖವನ್ನು ತಪ್ಪಾಗಿ ಮಾಡಿ, ಅದರಿಂದ ಕಲಿತು ಇನ್ನೊಂದನ್ನು ಸರಿಯಾಗಿ ಮಾಡಿದ್ದರಿಂದ ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಮುಖಕ್ಕೆ ನಾನು ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಬಳಿಯುವ ತಳದ ಕೋಟ್, ಹಾಕಲಿಲ್ಲ. ಹಿಂದೆ ಹಳೆಯ ಗಾರೆ ಗೋಡೆಗೆ ಬಣ್ಣ ಬಳಿದಾಗ, ಬಣ್ಣಕ್ಕೇ ಸ್ವಲ್ಪ ನೀರು ಬೆರೆಸಿ ಮೊದಲ ಕೋಟ್ ಹೊಡೆದು ಕೆಲಸ ಮುಗಿಸಿದ್ದೆ. ಇಲ್ಲಿಯೂ ಅದೇ ನಡೆಯುತ್ತದೆ ಎಂದುಕೊಂಡೆ. ಎರಡು ಕೋಟ್ ಆದ ಮೇಲೆ ಮಧ್ಯಾಹ್ನದ ಬೆಳಕಿನಲ್ಲಿ ಗೋಡೆ ಚೆನ್ನಾಗಿಯೇ ಕಂಡಿತು. ಸಂಜೆ ಕಿಟಕಿಯ ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ, ಸಂದು ಇದ್ದ ಕಡೆಯಲ್ಲೆಲ್ಲ ಒಂದು ಗೇಣು ಅಗಲದ ಮಂಕು ಪಟ್ಟಿಗಳೂ ಅವುಗಳ ನಡುವೆ ಸ್ಕ್ರೂ ತಲೆಗಳ ಜಾಗದಲ್ಲಿ ಸಾಲಾಗಿ ಬೊಟ್ಟುಗಳೂ ಎದ್ದು ಕಂಡವು. ಮೂರನೇ ಕೋಟ್ ಹೊಡೆದರೂ ಅವು ತೆಳುವಾದವೇ ಹೊರತು ಮಾಯವಾಗಲಿಲ್ಲ.

ಕಾರಣ ತಿಳಿಯಲು, ಉಳಿದಿದ್ದ ಬೋರ್ಡಿನ ತುಂಡೊಂದರ ಅರ್ಧ ಭಾಗಕ್ಕೆ ಕಾಂಪೌಂಡ್ ಹಚ್ಚಿ ಒಣಗಿಸಿ, ಎರಡೂ ಕಡೆ ಒಂದೊಂದು ಹನಿ ನೀರು ಬಿಟ್ಟು ನೋಡಿದೆ. ಕಾಗದದ ಮೇಲಿನ ಹನಿ ಸ್ವಲ್ಪ ಹೊತ್ತು ದುಂಡಗೆ ನಿಂತಿತ್ತು. ಕಾಂಪೌಂಡಿನ ಮೇಲಿನದು ಬಿದ್ದೊಡನೆ ಇಂಗಿಹೋಯಿತು. ಗೋಡೆಯಲ್ಲಿ ನಡೆದದ್ದೂ ಇದೇ: ಒಂದೇ ಡಬ್ಬಿಯ ಬಣ್ಣ ಒಂದು ಕಡೆ ಮೇಲ್ಮೈಯಲ್ಲಿ ಉಳಿದು, ಇನ್ನೊಂದು ಕಡೆ ಒಳಕ್ಕೆ ಹೀರಲ್ಪಟ್ಟು, ಒಣಗಿದ ಮೇಲೆ ಬೇರೆ ಬೇರೆ ಹೊಳಪು ತಾಳಿತ್ತು. ಗಾರೆ ಗೋಡೆಯ ಮೈ ಉದ್ದಕ್ಕೂ ಒಂದೇ ಆಗಿದ್ದರಿಂದ ಅಲ್ಲಿ ಈ ತೊಂದರೆ ಕಂಡಿರಲಿಲ್ಲ.

ಎರಡನೆಯ ಮುಖದಲ್ಲಿ ಬಣ್ಣದ ಡಬ್ಬಿ ತೆರೆಯುವುದಕ್ಕೆ ಮೊದಲೇ ಎರಡು ದಿನ ಕಳೆದವು. ಪುಟ್ಟಿ ಬ್ಲೇಡನ್ನು ಸ್ಕ್ರೂ ಸಾಲುಗಳ ಮೇಲೆ ಎಳೆಯುತ್ತಾ ಹೋದೆ. ಎಲ್ಲಿ 'ಟಿಕ್' ಎಂದಿತೋ ಅಲ್ಲಿ ತಲೆ ಹೊರಗೆ ಉಳಿದಿದೆ ಎಂದರ್ಥ. ಅಂಥದನ್ನು ಕಾಗದ ಹರಿಯದಷ್ಟೇ ಒಳಕ್ಕೆ ತಿರುಗಿಸಿದೆ. ಬಳಿಕ ದೀಪ ಆರಿಸಿ, ಟಾರ್ಚನ್ನು ಗೋಡೆಗೆ ತಾಗಿಸಿದಂತೆ ಓರೆಯಾಗಿ ಹಿಡಿದು, ನೆರಳು ಬಿದ್ದ ಪ್ರತಿ ತಗ್ಗಿಗೂ ಪೆನ್ಸಿಲ್‌ನಿಂದ ತೆಳುವಾಗಿ ಸುತ್ತು ಹಾಕಿದೆ. ಇದಕ್ಕೆ ಪೆನ್ನು ಬಳಸಬಾರದು, ಶಾಯಿ ಬಣ್ಣದೊಳಗಿಂದ ಮೇಲಕ್ಕೆ ಬರುತ್ತದೆ. ಗುರುತಿಸಿದ ಕಡೆ ಕಾಂಪೌಂಡ್ ತುಂಬಿ, ಕಪ್ಪಾದ ತೇವದ ಬಣ್ಣ ಹೋಗಿ ಪೂರ್ತಿ ಬೆಳ್ಳಗಾಗುವವರೆಗೆ ಒಂದು ದಿನ ಬಿಟ್ಟೆ.

ಉಜ್ಜಲು 150ನೇ ನಂಬರಿನ ಉಪ್ಪುಕಾಗದ ಸಾಕಾಯಿತು. ಇಲ್ಲಿ ಕೈ ಬಲವಾಗಿ ಒತ್ತಬಾರದು. ಒಂದು ಕಡೆ ನನ್ನ ಕೈ ಕಾಂಪೌಂಡಿನ ಅಂಚು ದಾಟಿ ಬೋರ್ಡಿನ ಕಾಗದದ ಮೇಲೆ ಹೋಗಿ, ಅಲ್ಲಿ ನೂಲಿನಂಥ ತುಪ್ಪಳ ಎದ್ದಿತು. ಅದನ್ನು ಮತ್ತೆ ಉಜ್ಜಿದಷ್ಟೂ ಹೆಚ್ಚುತ್ತದೆ ಎಂದು ಕಂಡುಕೊಂಡು ಹಾಗೆಯೇ ಬಿಟ್ಟೆ. ಪ್ರೈಮರ್ ಒಣಗಿ ಆ ಎಳೆಗಳು ಗಟ್ಟಿಯಾದ ಮೇಲೆ 220ರ ಕಾಗದದಿಂದ ಮೆಲ್ಲಗೆ ತೆಗೆದರೆ ನಯವಾಗಿ ಹೋಯಿತು. ಈ ಕೆಲಸದ ಧೂಳು ಹಿಟ್ಟಿನಷ್ಟು ನುಣುಪು, ಮಾಸ್ಕ್ ಇಲ್ಲದೆ ಉಜ್ಜಲೇಬಾರದು. ಗೋಡೆಯ ಧೂಳನ್ನು ಮೊದಲು ಮೆತ್ತನೆಯ ಬ್ರಶ್ಶಿನಿಂದ ಇಳಿಸಿ, ನಂತರ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿದೆ; ಬಟ್ಟೆ ಹೆಚ್ಚು ಒದ್ದೆಯಾಗಿದ್ದರೆ ಕಾಂಪೌಂಡೇ ಕರಗಿ ಬರುತ್ತದೆ. ಅಂಗೈ ಸವರಿದಾಗ ಬಿಳಿ ಹತ್ತದಿದ್ದರೆ ಗೋಡೆ ಸಿದ್ಧ.

ಪ್ರೈಮರ್ ನೀರಿನಲ್ಲಿ ಕರಗುವಂಥದು, ಹೊಸ ಜಿಪ್ಸಮ್ ಬೋರ್ಡಿಗೆಂದೇ ಬರುವಂಥದು. ನೀರು ಬೆರೆಸದೆ, ಸುಮಾರು 10 ಮಿಲಿಮೀಟರ್ ತುಪ್ಪಳದ ರೋಲರಿನಿಂದ ಒಂದು ಕೋಟ್ ಹಾಕಿದೆ. ಗೋಡೆಯೆಲ್ಲ ಒಂದೇ ಬಿಳಿಯಾದ ಮೇಲೆ, ಅದುವರೆಗೆ ಎರಡು ಬಣ್ಣದ ಗೊಂದಲದಲ್ಲಿ ಅಡಗಿದ್ದ ಎರಡು ತಗ್ಗುಗಳೂ ಬ್ಲೇಡಿನ ಒಂದು ಗೀರೂ ಹೊಸದಾಗಿ ಕಂಡವು. ಅವನ್ನು ತುಂಬಿ ಉಜ್ಜಿದ ಬಳಿಕ ಅಷ್ಟು ಜಾಗಕ್ಕೆ ಮತ್ತೆ ಪ್ರೈಮರ್ ಮುಟ್ಟಿಸಿದೆ. ಇದನ್ನು ಬಿಟ್ಟರೆ ಮೊದಲ ಮುಖದ ಬೊಟ್ಟುಗಳೇ ಇಲ್ಲಿಯೂ ಮೂಡುತ್ತವೆ.

ಇಷ್ಟಾದ ಮೇಲೆ ಬಣ್ಣ ಬಳಿಯುವುದು ಸುಲಭದ ಕೆಲಸ. ಹೊಳಪಿನ ಬಣ್ಣ ಗೋಡೆಯ ಏರುತಗ್ಗನ್ನೆಲ್ಲ ಎತ್ತಿ ತೋರಿಸುವುದರಿಂದ ಮ್ಯಾಟ್ ಬಣ್ಣವನ್ನೇ ಆರಿಸಿದೆ. ಅಂಚುಗಳನ್ನು ಎರಡು ಇಂಚು ಅಗಲಕ್ಕೆ ಬ್ರಶ್ಶಿನಿಂದ ಬಳಿದು, ಅದು ಹಸಿಯಿರುವಾಗಲೇ ರೋಲರ್ ಕೂಡಿಸುತ್ತಾ, ಒಂದೊಂದು ಮಾರು ಅಗಲದ ಭಾಗ ಮುಗಿಸುತ್ತಾ ಹೋದೆ. ಪ್ರತಿ ಭಾಗದ ಕೊನೆಗೆ ಮೇಲಿನಿಂದ ಕೆಳಕ್ಕೆ ಹಗುರವಾಗಿ ಒಮ್ಮೆ ಎಳೆದೆ. ನಡುವೆ ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಒಣಗಲು ಬಿಟ್ಟು, ಎರಡು ಕೋಟ್ ಹಾಕಿದೆ.

ಕೆಟ್ಟಿದ್ದ ಮೊದಲ ಮುಖವನ್ನು ಕೆರೆದು ತೆಗೆಯಬೇಕಾಗಲಿಲ್ಲ. ಧೂಳು ಒರೆಸಿ, ಇಡೀ ಮೈಗೆ ಅದೇ ಪ್ರೈಮರ್ ಬಳಿದು, ಮೇಲೆ ಎರಡು ಕೋಟ್ ಬಣ್ಣ ಕೊಟ್ಟೆ. ಮಾರನೆಯ ಸಂಜೆ ಓರೆ ಬಿಸಿಲಿನಲ್ಲಿ ಹುಡುಕಿದರೂ ಸಂದಿನ ಪಟ್ಟಿಗಳು ಕಾಣಲಿಲ್ಲ.