ನಮ್ಮ ರಸ್ತೆಗೆ ಏನು ಬೇಕೆಂದು ಕೇಳುವ ಕ್ರಮ

ಬೆಂಗಳೂರಿನ ಜನ ‘ಬೇಡ’ ಎನ್ನುವುದನ್ನು ಚೆನ್ನಾಗಿ ಬಲ್ಲರು. 2016ರ ಅಕ್ಟೋಬರ್ 16ರ ಭಾನುವಾರ ಸಾವಿರಾರು ಮಂದಿ ಕೈ ಕೈ ಹಿಡಿದು ಸಾಲುಗಟ್ಟಿ ನಿಂತು ಬಸವೇಶ್ವರ ವೃತ್ತದಿಂದ ಹೆಬ್ಬಾಳದ ದಿಕ್ಕಿನ ಉಕ್ಕಿನ ಮೇಲ್ಸೇತುವೆ ಬೇಡವೆಂದರು. ಮರುವರ್ಷ ಮಾರ್ಚ್ ತಿಂಗಳಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ಅದೇ ಚಳಿಗಾಲದಲ್ಲಿ ಉಪನಗರ ರೈಲಿಗಾಗಿ ‘ಚುಕು ಬುಕು ಬೇಕು’ ಎಂಬ ಕೂಗೂ ಎದ್ದಿತ್ತು. ಅದಕ್ಕೆ ಕೇಂದ್ರ ಸಂಪುಟದ ಒಪ್ಪಿಗೆ ದೊರೆತದ್ದು 2020ರ ಅಕ್ಟೋಬರ್‌ನಲ್ಲಿ, ಶಂಕುಸ್ಥಾಪನೆಯಾದದ್ದು 2022ರ ಜೂನ್‌ನಲ್ಲಿ. ‘ಬೇಡ’ ಎಂಬುದಕ್ಕೆ ಐದು ತಿಂಗಳು ಸಾಕಾದರೆ ‘ಬೇಕು’ ಎಂಬುದಕ್ಕೆ ವರ್ಷಗಳು ಹಿಡಿದವು. ಬೇಡವೆನ್ನಲು ಒಂದು ದಿನದ ಒಗ್ಗಟ್ಟು ಸಾಕಾಗಬಹುದು, ಆದರೆ ಬೇಕೆನ್ನಲು ಏನು, ಎಲ್ಲಿ, ಎಷ್ಟು, ಯಾರಿಗೆ, ಯಾವ ಇಲಾಖೆಯಿಂದ ಎಂಬುದಷ್ಟೂ ತಿಳಿದಿರಬೇಕು. ಸುರಕ್ಷಿತ ಫುಟ್‌ಪಾತ್, ಸೈಕಲ್ ದಾರಿ, ಹೊತ್ತಿಗೆ ಬರುವ ಬಸ್ಸು, ಕೆಲಸಕ್ಕೆ ಹತ್ತಿರವಿರುವ ಬಾಡಿಗೆ ಮನೆ, ಇವನ್ನು ಒಂದು ಬಡಾವಣೆಯ ಜನ ಸೇರಿ ಹೇಗೆ ಕೇಳಬಹುದೆಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲನೆಯದಾಗಿ, ಇಡೀ ವಾರ್ಡನ್ನು ಮೈಮೇಲೆ ಹಾಕಿಕೊಳ್ಳದೆ ಒಂದೇ ಒಂದು ಜಾಗವನ್ನು ಆರಿಸಿಕೊಳ್ಳಿರಿ. ಅದು ಶಾಲೆಯ ಗೇಟಿನಿಂದ ಬಸ್ ನಿಲ್ದಾಣದವರೆಗಿನ ಇನ್ನೂರು ಮೀಟರ್ ಇರಬಹುದು, ಮೆಟ್ರೊ ಮೆಟ್ಟಿಲು ಇಳಿದವರು ದಾಟಲೇಬೇಕಾದ ಒಂದು ಕೂಡುರಸ್ತೆ ಇರಬಹುದು. ‘ನಮ್ಮ ಏರಿಯಾದ ರಸ್ತೆಗಳೆಲ್ಲ ಹಾಳಾಗಿವೆ’ ಎಂಬ ಮನವಿಗೆ ಯಾವ ಎಂಜಿನಿಯರೂ ಅಂದಾಜು ಪಟ್ಟಿ ತಯಾರಿಸಲಾರರು. ‘ಏಳನೇ ಕ್ರಾಸಿನ ಮೂಲೆಯ ಟ್ರಾನ್ಸ್‌ಫಾರ್ಮರ್‌ನಿಂದ ಔಷಧಿ ಅಂಗಡಿಯವರೆಗೆ’ ಎಂದು ಬರೆದರೆ ತಯಾರಿಸಬಲ್ಲರು.

ಆಮೇಲೆ ಜನ. ನಮ್ಮ ನಗರದ ನಿವಾಸಿಗಳ ಸಂಘಗಳು ಬಹುಮಟ್ಟಿಗೆ ಸ್ವಂತ ಮನೆಯುಳ್ಳವರ ಸಂಘಗಳು. ರಸ್ತೆಯಲ್ಲಿ ಹೆಚ್ಚು ನಡೆಯುವವರಾದರೋ ಬಾಡಿಗೆದಾರರು, ವಠಾರಗಳಲ್ಲಿ ಒಂದೊಂದೇ ಕೋಣೆ ಹಿಡಿದಿರುವ ಗಾರ್ಮೆಂಟ್ಸ್ ಕಾರ್ಮಿಕರು, ಪಿಜಿಗಳಲ್ಲಿರುವ ಯುವಕ ಯುವತಿಯರು, ಮನೆಗೆಲಸಕ್ಕೆ ಬರುವ ಹೆಂಗಸರು, ಬೆಳಗಿನ ಜಾವ ಸೈಕಲ್ಲಿನಲ್ಲಿ ಹಾಲು, ಪತ್ರಿಕೆ ತರುವವರು, ತಳ್ಳುಗಾಡಿಯ ವ್ಯಾಪಾರಿಗಳು. ಇವರಾರೂ ಭಾನುವಾರ ಬೆಳಿಗ್ಗೆ ಹತ್ತು ಗಂಟೆಯ ಸಭೆಗೆ ಬರಲಾರರು. ಆದಕಾರಣ ಸಭೆಯೇ ಅವರಲ್ಲಿಗೆ ಹೋಗಬೇಕು: ಸಂಜೆ ಪಾಳಿ ಬಿಡುವ ಹೊತ್ತಿಗೆ ಬಸ್ ತಂಗುದಾಣದಲ್ಲಿ, ನಡುಮಧ್ಯಾಹ್ನ ಹೂವಿನಂಗಡಿಯ ಮುಂದೆ, ಶಾಲೆ ಬಿಡುವ ಮೊದಲು ಗೇಟಿನ ಬಳಿ. ಹತ್ತು ನಿಮಿಷ ನಿಂತು ‘ಇಲ್ಲಿ ನಿಮಗೆ ಎಲ್ಲಿ ಭಯವಾಗುತ್ತದೆ?’ ಎಂದು ಕೇಳಿ ಬರೆದುಕೊಳ್ಳಿರಿ. ಈ ಒಂದು ಪ್ರಶ್ನೆಯಿಂದ ನಾನು ಕಲಿತಷ್ಟನ್ನು ಯಾವ ಸಭೆಯಿಂದಲೂ ಕಲಿತಿಲ್ಲ.

ಇನ್ನು ಎಣಿಕೆ. ಇದೇ ಇಡೀ ಕೆಲಸದ ಬೆನ್ನೆಲುಬು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ವಾಹನಗಳ ಎಣಿಕೆ ಇಲಾಖೆಗಳ ಬಳಿ ಒಂದಲ್ಲ ಒಂದು ರೂಪದಲ್ಲಿ ಇರುತ್ತದೆ, ನಡೆಯುವವರ ಎಣಿಕೆ ಇರುವುದು ಅಪರೂಪ. ಎಣಿಸದ ಜನಕ್ಕೆ ಅಂದಾಜು ಪಟ್ಟಿಯಲ್ಲಿ ಜಾಗವಿರುವುದಿಲ್ಲ. ಇಬ್ಬಿಬ್ಬರಂತೆ ರಸ್ತೆಯ ಎರಡೂ ಬದಿಯಲ್ಲಿ ನಿಂತು, ಶಾಲೆಯ ಹೊತ್ತಿನಲ್ಲಿ ಒಂದು ಗಂಟೆ, ಸಂಜೆ ಕಾರ್ಖಾನೆ ಬಿಡುವ ಹೊತ್ತಿನಲ್ಲಿ ಒಂದು ಗಂಟೆ, ರಾತ್ರಿ ಕತ್ತಲಾದ ಮೇಲೆ ಒಂದು ಗಂಟೆ, ಹೀಗೆ ಕನಿಷ್ಠ ಎರಡು ಕೆಲಸದ ದಿನ ಎಣಿಸಿರಿ. ಹೆಂಗಸರು, ಮಕ್ಕಳು, ಕೋಲು ಹಿಡಿದವರು, ಗಾಲಿಕುರ್ಚಿಯವರು, ಸೈಕಲ್ಲಿನವರು, ತಳ್ಳುಗಾಡಿಯವರು ಎಂದು ಪ್ರತ್ಯೇಕ ಕಲಂ ಇರಲಿ. ಎಲ್ಲಕ್ಕಿಂತ ಮುಖ್ಯವಾದ ಕಲಂ ಎಂದರೆ ಫುಟ್‌ಪಾತ್ ಇದ್ದೂ ರಸ್ತೆಗಿಳಿದು ನಡೆದವರದು. ಅವರು ಎಲ್ಲಿ ಇಳಿದರು, ಯಾತಕ್ಕೆ ಇಳಿದರು ಎಂಬುದನ್ನು ನಕ್ಷೆಯಲ್ಲಿ ಗುರುತಿಸಿದರೆ, ಸರಿಪಡಿಸಬೇಕಾದ ಜಾಗಗಳ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ.

ಎಣಿಕೆಯ ಜೊತೆಗೆ ಅಳತೆಯೂ ಇರಲಿ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪಾದಚಾರಿ ಸೌಲಭ್ಯಗಳಿಗೆ ಮಾಡಿರುವ ಮಾರ್ಗಸೂಚಿಯ ಪ್ರಕಾರ ನಡೆಯುವ ಜಾಗ ಯಾವ ಅಡೆತಡೆಯೂ ಇಲ್ಲದೆ ಕನಿಷ್ಠ 1.8 ಮೀಟರ್ ಅಗಲ, 2.2 ಮೀಟರ್ ಎತ್ತರ ಇರಬೇಕು. ಅಂಚುಗಲ್ಲು 15 ಸೆಂಟಿಮೀಟರಿಗಿಂತ ಎತ್ತರವಿರಬಾರದು. ಟೇಪು ಹಿಡಿದು ಹೋದರೆ ನಮ್ಮ ಅಂಚುಗಲ್ಲುಗಳಲ್ಲಿ ಎಷ್ಟೋ ಅದರ ದುಪ್ಪಟ್ಟಿರುವುದು ಕಾಣುತ್ತದೆ, ಮಂಡಿನೋವಿನ ಅಜ್ಜಿಯೊಬ್ಬರು ರಸ್ತೆಯಲ್ಲೇ ನಡೆಯಲು ಅಷ್ಟೇ ಕಾರಣ ಸಾಕು. ಸಿಗ್ನಲ್ ಇರುವಲ್ಲಿ ರಸ್ತೆಯ ಅಗಲವನ್ನೂ ಪಾದಚಾರಿಗಳಿಗೆ ಹಸಿರು ದೀಪ ಉರಿಯುವ ಸೆಕೆಂಡುಗಳನ್ನೂ ಬರೆದುಕೊಳ್ಳಿರಿ. ಸಾಮಾನ್ಯ ಲೆಕ್ಕದಲ್ಲಿ ಒಬ್ಬರು ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆಂದು ಹಿಡಿದರೆ 18 ಮೀಟರ್ ರಸ್ತೆಗೆ 15 ಸೆಕೆಂಡು ಬೇಕು, ಸೆಕೆಂಡಿಗೆ 0.8 ಮೀಟರ್ ನಡೆಯುವ ಹಿರಿಯರಿಗೆ 22ಕ್ಕೂ ಹೆಚ್ಚು. ಈ ಗುಣಾಕಾರ ಭಾಗಾಕಾರವನ್ನು ಪತ್ರದಲ್ಲಿ ಕಾಣಿಸಿದರೆ ಸಂಚಾರ ಪೊಲೀಸರೊಂದಿಗಿನ ಮಾತು ಬಹಳ ಬೇಗ ವಿಷಯಕ್ಕೆ ಬರುತ್ತದೆ. ಹಂಪ್ ಕೇಳುವಾಗಲೂ ಹೀಗೆಯೇ. ಸುಮಾರು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ ದುಂಡನೆಯ ಹಂಪ್ ವಾಹನದ ವೇಗವನ್ನು ತಗ್ಗಿಸುತ್ತದೆ. ರಾತ್ರೋರಾತ್ರಿ ಮೊಳೆ ಹೊಡೆದ ರಬ್ಬರ್ ಪಟ್ಟಿ ಸೈಕಲ್ಲಿನವರ ಮತ್ತು ಆಟೊದಲ್ಲಿ ಕುಳಿತ ಬಸುರಿಯರ ಬೆನ್ನು ಮುರಿಯುತ್ತದೆ.

ಯಾರನ್ನು ಕೇಳಬೇಕು ಎಂಬಲ್ಲೇ ಹೆಚ್ಚಿನ ಮನವಿಗಳು ಸೋಲುತ್ತವೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರಡಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ಪಾಲಿಕೆಗಳೂ ಬಂದಿರುವುದರಿಂದ, ನಿಮ್ಮ ರಸ್ತೆ ಯಾವ ಪಾಲಿಕೆಯ ಯಾವ ವಿಭಾಗದ್ದೆಂದು ಮೊದಲು ಖಚಿತಪಡಿಸಿಕೊಳ್ಳಿರಿ. ಫುಟ್‌ಪಾತಿನ ಕಲ್ಲು ಪಾಲಿಕೆಯದು, ಅದರ ಮೇಲಿನ ಟ್ರಾನ್ಸ್‌ಫಾರ್ಮರ್ ಬೆಸ್ಕಾಂನದು, ನಡುವೆ ಎದ್ದು ನಿಂತ ಮ್ಯಾನ್‌ಹೋಲ್ ಮುಚ್ಚಳ ಜಲಮಂಡಳಿಯದು, ಸಿಗ್ನಲ್ ಸಂಚಾರ ಪೊಲೀಸರದು, ಬಸ್ಸು ಬಿಎಂಟಿಸಿಯದು. ಒಂದೇ ಪತ್ರ ಬರೆದು ಎಲ್ಲರಿಗೂ ಪ್ರತಿ ಕಳಿಸಿದರೆ ಪ್ರತಿಯೊಬ್ಬರೂ ಅದು ಇನ್ನೊಬ್ಬರ ಕೆಲಸವೆಂದು ತಿಳಿಯುತ್ತಾರೆ. ಪ್ರತಿ ಇಲಾಖೆಗೂ ಅವರ ಪಾಲಿನ ಕೆಲಸವನ್ನಷ್ಟೇ ಬರೆದ ಒಂದು ಪುಟದ ಪತ್ರ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು, ಆಮೇಲೆ ಎಲ್ಲರನ್ನೂ ಒಂದೇ ಬೆಳಿಗ್ಗೆ ಸ್ಥಳಕ್ಕೆ ಕರೆಯುವುದು ಮೇಲು. ಪತ್ರದಲ್ಲಿ ಒಂದು ವಾಕ್ಯ ಕಾನೂನಿನದೂ ಇರಲಿ: 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಬಳಸಲು ಯೋಗ್ಯವಾದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯಡಿ ಪಾದಚಾರಿಗಳ ಹಕ್ಕು ಎಂದು ಹೇಳಿದೆ.

ಆ್ಯಪ್‌ನಲ್ಲಿ ದೂರು ದಾಖಲಿಸುವುದು ತಪ್ಪಲ್ಲ, ಅಲ್ಲಿಗೇ ನಿಲ್ಲಿಸುವುದು ತಪ್ಪು. ನಮ್ಮ ಬೀದಿಯ ತಿರುವಿನಲ್ಲಿ ಚರಂಡಿಯ ಚಪ್ಪಡಿ ಮುರಿದು ಬಿದ್ದಿತ್ತು. ಮೂರು ಬಾರಿ ದೂರು ಕೊಟ್ಟೆವು. ಮೂರೂ ಬಾರಿ ‘ಪರಿಹರಿಸಲಾಗಿದೆ’ ಎಂಬ ಸಂದೇಶ ಬಂದಿತು, ಚಪ್ಪಡಿ ಮಾತ್ರ ಬರಲಿಲ್ಲ. ಕಣ್ಣು ಮಂಜಾಗಿದ್ದ ಪಕ್ಕದ ವಠಾರದ ಹಿರಿಯರೊಬ್ಬರು ರೇಷನ್ ಅಂಗಡಿಗೆ ಹೋಗುವುದನ್ನೇ ಬಿಟ್ಟರು. ಆಗ ಮಾಹಿತಿ ಹಕ್ಕು ಕಾಯ್ದೆಯ ಮೊರೆ ಹೋದೆವು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಜೊತೆಗಿಟ್ಟು, ಆ ಚಪ್ಪಡಿ ಹಾಕಿದ ಕಾಮಗಾರಿಯ ಅಂದಾಜು ಪಟ್ಟಿ, ಆದ ಕೆಲಸವನ್ನು ದಾಖಲಿಸುವ ಅಳತೆ ಪುಸ್ತಕದ ಪುಟಗಳು, ಗುತ್ತಿಗೆದಾರರ ದೋಷ ಹೊಣೆಗಾರಿಕೆಯ ಅವಧಿ ಮುಗಿಯುವ ದಿನಾಂಕ, ಇಷ್ಟನ್ನೇ ಕೇಳಿದೆವು. ಆ ಅವಧಿಯೊಳಗೆ ಮುರಿದದ್ದನ್ನು ಗುತ್ತಿಗೆದಾರರು ತಮ್ಮ ಖರ್ಚಿನಲ್ಲೇ ಸರಿಪಡಿಸಬೇಕು. ಉತ್ತರ ಬರುವ ಮೊದಲೇ ಚಪ್ಪಡಿ ಬಂದಿತು. ಕರ್ನಾಟಕದ ನಿಯಮಗಳ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಅದು 150 ಪದಗಳನ್ನು ಮೀರಬಾರದು. ಮೂವತ್ತು ದಿನಗಳೊಳಗೆ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ ಹಾಕಬಹುದು. ಕಾಮಗಾರಿಯನ್ನೇ ಪರಿಶೀಲಿಸುವ, ಬಳಸಿದ ಸಾಮಗ್ರಿಯ ಮಾದರಿ ಪಡೆಯುವ ಹಕ್ಕೂ ಅದೇ ಕಾಯ್ದೆಯಲ್ಲಿದೆ. ಬಹಳ ಜನ ಇದನ್ನು ಬಳಸುವುದಿಲ್ಲ.

ಬಸ್ಸಿನ ವಿಷಯದಲ್ಲಿ ‘ಹೆಚ್ಚು ಬಸ್ ಬಿಡಿ’ ಎನ್ನುವುದಕ್ಕಿಂತ ಮಾರ್ಗದ ಸಂಖ್ಯೆ, ನಿಲ್ದಾಣ, ಹೊತ್ತು ಬರೆದು, ಆ ಹೊತ್ತಿನಲ್ಲಿ ಹತ್ತಲಾಗದೆ ಉಳಿದವರೆಷ್ಟು ಎಂದು ತಿಳಿಸಿರಿ. ಡಿಪೊ ವ್ಯವಸ್ಥಾಪಕರಿಗೂ ಶಾಂತಿನಗರದ ಕೇಂದ್ರ ಕಚೇರಿಗೂ ಕೊಡಿರಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಬಸ್ಸೇರುವ ಹೆಂಗಸರ ಸಂಖ್ಯೆ ಏರಿದೆ, ಟಿಕೆಟ್ ಉಚಿತವಾದರೂ ನಿಲ್ದಾಣದಲ್ಲಿ ದೀಪವಿಲ್ಲದಿದ್ದರೆ ರಾತ್ರಿ ಪಾಳಿಯವರಿಗೆ ಆ ಸೌಲಭ್ಯ ಅರ್ಧವೇ ದಕ್ಕಿದಂತೆ. ಮೆಟ್ರೊ ನಿಲ್ದಾಣದಿಂದ ಎರಡು ಮೂರು ಕಿಲೋಮೀಟರ್ ಒಳಗಿರುವ ಬಡಾವಣೆಯವರು ಎಂಎಫ್ ಹೆಸರಿನ ಸಂಪರ್ಕ ಬಸ್ಸುಗಳನ್ನು ಕೇಳಬೇಕು.

ಸೈಕಲ್ ದಾರಿಯ ಕುರಿತು ನನ್ನ ಅಭಿಪ್ರಾಯ ಸ್ವಲ್ಪ ಕಟುವಾದುದು. ಜಯನಗರದಲ್ಲಿ ಬಣ್ಣ ಬಳಿದು ಮಾಡಿದ ಪಥಗಳು ವಾಹನ ನಿಲುಗಡೆಯ ಜಾಗಗಳಾದುದನ್ನು ನಾವೆಲ್ಲ ಕಂಡಿದ್ದೇವೆ. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಗೂಟ ನೆಟ್ಟು ಮಾಡಿದ ತಾತ್ಕಾಲಿಕ ಪಥವೂ ಉಳಿಯಲಿಲ್ಲ. ಆದ್ದರಿಂದ ಬರಿಯ ಬಣ್ಣವನ್ನು ಕೇಳಬೇಡಿರಿ. ಮುಖ್ಯರಸ್ತೆಯಲ್ಲಾದರೆ ಅಂಚುಗಲ್ಲಿನಿಂದ ಬೇರ್ಪಟ್ಟ ಪಥ, ಒಳರಸ್ತೆಗಳಲ್ಲಾದರೆ ಎಲ್ಲ ವಾಹನಗಳ ವೇಗವನ್ನೂ ಗಂಟೆಗೆ ಮೂವತ್ತು ಕಿಲೋಮೀಟರಿಗೆ ಇಳಿಸುವ ವಿನ್ಯಾಸ, ಇವೆರಡರಲ್ಲಿ ಒಂದನ್ನು ಕೇಳಿರಿ. ವಾರಾಂತ್ಯದ ಸವಾರರಿಗಿಂತ ಮುಂಚೆ ಸೆಕ್ಯುರಿಟಿ ಕೆಲಸಕ್ಕೆ ಹೋಗುವ ಸೈಕಲ್ಲಿಗನ ಮಾತನ್ನು ಬರೆದುಕೊಳ್ಳಿರಿ.

ಬೀದಿ ವ್ಯಾಪಾರಿಗಳನ್ನು ಎತ್ತಂಗಡಿ ಮಾಡಿ ಫುಟ್‌ಪಾತ್ ಗಳಿಸುವ ಆಸೆ ಯಾರಿಗಾದರೂ ಬಂದರೆ ಅದನ್ನು ಮೊದಲ ದಿನವೇ ತಡೆಯಿರಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಅವರನ್ನು ಒಕ್ಕಲೆಬ್ಬಿಸುವಂತಿಲ್ಲ. ಅದೇ ಕಾಯ್ದೆಯಡಿ ರಚಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇಕಡ 40ರಷ್ಟು ಸದಸ್ಯರು ಅವರೇ ಇರಬೇಕು. ರಾತ್ರಿ ಹತ್ತು ಗಂಟೆಗೆ ಒಬ್ಬಂಟಿಯಾಗಿ ನಡೆದು ಬರುವ ಹೆಣ್ಣುಮಗಳಿಗೆ ತೆರೆದಿರುವ ಒಂದು ತಳ್ಳುಗಾಡಿಯ ದೀಪಕ್ಕಿಂತ ದೊಡ್ಡ ರಕ್ಷಣೆ ಆ ರಸ್ತೆಯಲ್ಲಿ ಇನ್ನೊಂದಿಲ್ಲ.

ಮನೆಯ ವಿಷಯ ಬಂದೊಡನೆ ರಸ್ತೆಗಾಗಿ ಒಂದಾದವರೇ ಬೇರೆಯಾಗುತ್ತಾರೆ. ಫುಟ್‌ಪಾತ್ ಬೇಕೆಂದವರೇ ಪಿಜಿ ಬೇಡ, ಸಣ್ಣ ಮನೆಗಳ ಕಟ್ಟಡ ಬೇಡ ಎನ್ನುವುದನ್ನು ಕೇಳಿದ್ದೇನೆ. ಮೆಟ್ರೊ ಬಂದಲ್ಲಿ ಬಾಡಿಗೆ ಏರಿ, ಅದನ್ನು ನಿತ್ಯವೂ ಹತ್ತಬಹುದಾದವರು ಊರಾಚೆಗೆ ಹೋಗಿ ಬೈಕು ಕೊಳ್ಳುವಂತಾದರೆ, ನಾವು ಕೇಳಿ ಪಡೆದ ರಸ್ತೆಗೆ ಇನ್ನಷ್ಟು ವಾಹನಗಳು ಬರುತ್ತವೆ. ನಗರ ಯೋಜನೆಯ ಪ್ರಕಟಣೆಗಳಲ್ಲಿ ‘ಆಕ್ಷೇಪಣೆ ಮತ್ತು ಸಲಹೆ’ ಎಂದು ಎರಡನ್ನೂ ಕೇಳಿರುತ್ತಾರೆ, ಆದರೆ ಕಡತ ತುಂಬುವುದು ಆಕ್ಷೇಪಣೆಗಳಿಂದ. ನಿಲ್ದಾಣದ ಹತ್ತಿರ ಬಡವರಿಗೆ, ಮಧ್ಯಮ ವರ್ಗದವರಿಗೆ ಮನೆ ಬರುವ ಪ್ರಸ್ತಾವವಿದ್ದರೆ ಬೆಂಬಲದ ಸಲಹೆಯನ್ನು ಗಡುವಿನೊಳಗೆ, ಸಹಿಗಳೊಡನೆ ಸಲ್ಲಿಸಿರಿ. ಆ ಸಹಿಗಳಲ್ಲಿ ಬಾಡಿಗೆದಾರರದೂ ಇರಲಿ.

ಅಂಗಡಿಯವರ ವಿರೋಧ ಬಂದೇ ಬರುತ್ತದೆ. ಅವರ ಭಯ ನಿಜವಾದದ್ದು, ವಾದದಿಂದ ಹೋಗುವಂಥದ್ದಲ್ಲ. ಚರ್ಚ್ ಸ್ಟ್ರೀಟಿನಲ್ಲಿ 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ವಾಹನಗಳನ್ನು ತಡೆದು ನೋಡಿದಂತೆ, ಒಂದು ಭಾನುವಾರ ಅರ್ಧ ದಿನ ಪ್ರಯೋಗ ಮಾಡೋಣವೆಂದು, ಪೊಲೀಸರ ಅನುಮತಿ ಪಡೆದು ಕೇಳಿರಿ. ಎಷ್ಟು ಗಿರಾಕಿಗಳು ನಡೆದು ಬಂದರು, ಎಷ್ಟು ಮಂದಿ ವಾಹನದಲ್ಲಿ ಬಂದರು ಎಂಬ ಎಣಿಕೆಯನ್ನು ಅಂಗಡಿಯವರ ಕೈಗೇ ಕೊಡಿರಿ.

ಕಾಮಗಾರಿ ಶುರುವಾದ ದಿನ ಕೆಲಸದ ಹೆಸರು, ಮೊತ್ತ, ಗುತ್ತಿಗೆದಾರರ ಹೆಸರಿರುವ ಫಲಕದ ಫೋಟೊ ತೆಗೆದಿಡಿರಿ. ಕಲ್ಲು ಕೂರಿಸುವ ಮೊದಲು ಅಗಲ, ಎತ್ತರ ಅಳೆಯಿರಿ, ಏಕೆಂದರೆ ಸಿಮೆಂಟು ಒಣಗಿದ ಮೇಲೆ ಯಾರೂ ಬದಲಿಸಲೊಪ್ಪರು. ಮುಗಿದು ಎರಡು ತಿಂಗಳಾದ ಬಳಿಕ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ, ಅದೇ ಕಲಂಗಳಲ್ಲಿ ಮತ್ತೆ ಎಣಿಸಿ, ಎರಡೂ ಎಣಿಕೆಗಳನ್ನು ಆ ಎಂಜಿನಿಯರಿಗೆ ಒಂದು ಕೃತಜ್ಞತಾ ಪತ್ರದೊಡನೆ ಕಳಿಸಿರಿ, ಅದರ ಪ್ರತಿಯನ್ನು ಅವರ ಮೇಲಧಿಕಾರಿಗೂ ಕೊಡಿರಿ. ದೋಷ ಹೊಣೆಗಾರಿಕೆಯ ಅವಧಿ ಮುಗಿಯುವ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು, ಅದಕ್ಕೆ ಒಂದು ತಿಂಗಳು ಮೊದಲೇ ಟೇಪು ಹಿಡಿದು ಇನ್ನೊಮ್ಮೆ ಆ ಇನ್ನೂರು ಮೀಟರ್ ನಡೆಯಿರಿ.